ಹೆಡ್‌ಫೋನ್‌ನ ತೂತು ಎಲ್ಲಿ ಹೋಯಿತು?

ಹೊಸ ಫೋನ್ ಕೊಳ್ಳುವವರು ಏನೇನು ಗಮನಿಸಬೇಕು ಎಂದು ಈ ಅಂಕಣದಲ್ಲಿ ಹಿಂದೊಮ್ಮೆ ಬರೆದಾಗ, ಕ್ಯಾಮೆರಾ ಮತ್ತು ಬ್ಯಾಟರಿಯ ಬಗ್ಗೆ ಪ್ರಶ್ನೆಗಳು ಬರುತ್ತವೆಂದು ಭಾವಿಸಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಕಿವಿಗೆ ಸಂಬಂಧಿಸಿದವು: ತಂತಿಯ ಇಯರ್‌ಫೋನ್ ಒಳ್ಳೆಯದೋ, ಬ್ಲೂಟೂತ್ ಒಳ್ಳೆಯದೋ ಎಂಬುದು. ಒಂದೇ ಬಗೆಯ ಪತ್ರಗಳನ್ನು ಸೇರಿಸಿ ಏಳು ಪ್ರಶ್ನೆಗಳಾಗಿ ಮಾಡಿಕೊಂಡು ಉತ್ತರಿಸಿದ್ದೇನೆ.

ಪ್ರಶ್ನೆ: ಐದು ವರ್ಷ ಬಳಸಿದ ಫೋನ್ ಕೆಟ್ಟಿತೆಂದು ಹೊಸದನ್ನು ಕೊಂಡೆ. ಮನೆಗೆ ಬಂದು ನೋಡಿದರೆ ಇಯರ್‌ಫೋನ್ ಚುಚ್ಚುವ ದುಂಡನೆಯ ತೂತೇ ಇಲ್ಲ. ಅಂಗಡಿಯವರನ್ನು ಕೇಳಿದ್ದಕ್ಕೆ, “ಫೋನ್ ತೆಳ್ಳಗಾಗಬೇಕು, ನೀರು ಒಳಗೆ ಹೋಗಬಾರದು, ಅದಕ್ಕೇ ತೆಗೆದಿದ್ದಾರೆ ಸಾರ್” ಎಂದರು. ಇದು ನಿಜವೇ?
— ನಿವೃತ್ತ ಶಿಕ್ಷಕರು, ಶಿವಮೊಗ್ಗ

ಉತ್ತರ: ಅಂಗಡಿಯವರು ಸುಳ್ಳು ಹೇಳಿಲ್ಲ, ಕಂಪನಿಗಳು ಹೇಳಿದ್ದನ್ನೇ ಹೇಳಿದ್ದಾರೆ. ಆದರೆ ಆ ಎರಡೂ ಕಾರಣಗಳು ಪರೀಕ್ಷೆಗೆ ನಿಲ್ಲುವುದಿಲ್ಲ. 2014ರಲ್ಲಿ ವಿವೋ ಕಂಪನಿ ತಂದ ಎಕ್ಸ್5 ಮ್ಯಾಕ್ಸ್ ಎಂಬ ಫೋನ್ ಕೇವಲ 4.75 ಮಿ.ಮೀ. ದಪ್ಪವಿತ್ತು, ಅದರಲ್ಲೂ 3.5 ಮಿ.ಮೀ.ನ ಜಾಕ್, ಅಂದರೆ ನೀವು ಹೇಳುವ ದುಂಡನೆಯ ತೂತು, ಇತ್ತು. ನೀರಿನ ವಿಷಯಕ್ಕೆ ಬಂದರೆ, ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಎಸ್7ರಿಂದ ಎಸ್10ರವರೆಗಿನ ಫೋನ್‌ಗಳು ಐಪಿ68 ಮಟ್ಟದ ಜಲರಕ್ಷಣೆ ಪಡೆದಿದ್ದೂ ಜಾಕ್ ಇಟ್ಟುಕೊಂಡಿದ್ದವು.

ಈ ತೂತಿನ ವಂಶಾವಳಿ ದೊಡ್ಡದು. ಹತ್ತೊಂಬತ್ತನೆಯ ಶತಮಾನದ ಟೆಲಿಫೋನ್ ಎಕ್ಸ್‌ಚೇಂಜ್‌ಗಳಲ್ಲಿ ಆಪರೇಟರ್‌ಗಳು ಒಂದು ಮನೆಯ ಕರೆಯನ್ನು ಇನ್ನೊಂದು ಮನೆಗೆ ಜೋಡಿಸಲು ಚುಚ್ಚುತ್ತಿದ್ದ ಕಾಲು ಅಂಗುಲದ ಪಿನ್ ಇದರ ಮುತ್ತಜ್ಜ. ಇಂದಿಗೂ ಗಿಟಾರ್, ಆಂಪ್ಲಿಫೈಯರ್‌ಗಳಲ್ಲಿ ನೀವು ನೋಡುವ ದಪ್ಪ ಪಿನ್ ಅದೇ. ಟ್ರಾನ್ಸಿಸ್ಟರ್ ರೇಡಿಯೋಗಳ ಕಾಲದಲ್ಲಿ ಅದು 3.5 ಮಿ.ಮೀ.ಗೆ ಇಳಿಯಿತು, 1979ರಲ್ಲಿ ಸೋನಿಯ ವಾಕ್‌ಮನ್ ಬಂದ ಮೇಲೆ ಜಗತ್ತಿನ ಎಲ್ಲರ ಜೇಬಿಗೂ ಬಂತು. ಯಾವ ಕಂಪನಿಯ ಪಿನ್ ಆದರೂ ಯಾವ ಕಂಪನಿಯ ತೂತಿಗಾದರೂ ಸೇರುತ್ತಿದ್ದುದು ಇದರ ದೊಡ್ಡಗುಣ.

ಜಾಕ್ ಇಲ್ಲದ ಫೋನ್‌ಗಳು ಮೊದಲೇ ಒಂದೆರಡು ಬಂದಿದ್ದವಾದರೂ, ಗಾಳಿ ಬೀಸಿದ್ದು 2016ರ ಸೆಪ್ಟೆಂಬರ್ 7ರಂದು ಆಪಲ್ ಕಂಪನಿ ಐಫೋನ್ 7 ಅನ್ನು ತೋರಿಸಿದಾಗ. ವೇದಿಕೆಯ ಮೇಲಿದ್ದ ಆಪಲ್‌ನ ಮಾರ್ಕೆಟಿಂಗ್ ಮುಖ್ಯಸ್ಥ ಫಿಲ್ ಶಿಲ್ಲರ್ ಜಾಕ್ ತೆಗೆದದ್ದಕ್ಕೆ ಕೊಟ್ಟ ಕಾರಣಗಳಲ್ಲಿ ‘ಧೈರ್ಯ’ವೂ ಒಂದು. ಆ ಮಾತನ್ನು ಜನ ಬಹಳ ಕಾಲ ಆಡಿಕೊಂಡು ನಕ್ಕರು. ಅದೇ ದಿನ ಅದೇ ವೇದಿಕೆಯಲ್ಲಿ 159 ಡಾಲರ್ ಬೆಲೆಯ ಏರ್‌ಪಾಡ್ಸ್ ಎಂಬ ತಂತಿಯಿಲ್ಲದ ಇಯರ್‌ಬಡ್ ಕೂಡ ಬಿಡುಗಡೆಯ ಘೋಷಣೆ ಕಂಡಿತು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅದೇ ವರ್ಷ ತನ್ನ ಪಿಕ್ಸೆಲ್ ಫೋನ್‌ನಲ್ಲಿ ಜಾಕ್ ಇದೆಯೆಂದು ಜಾಹೀರಾತಿನಲ್ಲಿ ಬೀಗಿದ ಗೂಗಲ್, ಮರುವರ್ಷವೇ ಪಿಕ್ಸೆಲ್ 2ರಿಂದ ಅದನ್ನು ತೆಗೆಯಿತು. ಐಫೋನ್ ಬಳಕೆದಾರರ ಪರದಾಟವನ್ನು ಜಾಹೀರಾತಿನಲ್ಲಿ ಅಣಕಿಸಿದ ಸ್ಯಾಮ್‌ಸಂಗ್ 2019ರ ನೋಟ್ 10ರಲ್ಲಿ ಅದೇ ದಾರಿ ಹಿಡಿಯಿತು.

ಹಾಗಾದರೆ ತಾಂತ್ರಿಕ ಲಾಭವೇ ಇಲ್ಲವೇ ಎಂದರೆ, ಇದೆ. ಜಾಕ್ ನೋಡಲು ಚಿಕ್ಕ ತೂತಾದರೂ ಫೋನ್‌ನ ಒಳಗೆ ಒಂದು ಸೆಂಟಿಮೀಟರ್‌ಗಿಂತ ಹೆಚ್ಚು ಆಳಕ್ಕೆ ಚಾಚಿಕೊಂಡಿರುತ್ತದೆ, ಮತ್ತು ಆ ಜಾಗಕ್ಕೆ ಕ್ಯಾಮೆರಾ, ಬ್ಯಾಟರಿ, ಕಂಪನದ ಮೋಟಾರ್ ಎಲ್ಲವೂ ಪೈಪೋಟಿ ನಡೆಸುತ್ತವೆ. ಐಫೋನ್ 6ಎಸ್‌ನಲ್ಲಿ 1715 ಎಂಎಎಚ್ ಇದ್ದ ಬ್ಯಾಟರಿ ಐಫೋನ್ 7ರಲ್ಲಿ 1960 ಆಯಿತು. ಅದಷ್ಟೂ ಜಾಕ್ ಬಿಟ್ಟುಕೊಟ್ಟ ಜಾಗದ ಕೃಪೆಯಲ್ಲ. ಆ ಫೋನನ್ನು ಬಿಚ್ಚಿ ನೋಡಿದವರಿಗೆ ಜಾಕ್ ಇದ್ದ ಮೂಲೆಯಲ್ಲಿ ಸಿಕ್ಕಿದ್ದು ವಾಯುಭಾರ ಮಾಪಕಕ್ಕೆ ನೆರವಾಗುವ ಒಂದು ಪ್ಲಾಸ್ಟಿಕ್ ತುಂಡು. ಜಾಕ್ ಹೋದದ್ದರಲ್ಲಿ ವಿನ್ಯಾಸಕಾರರ ಅನುಕೂಲವೂ ಇದೆ, ಇಯರ್‌ಬಡ್ ಮಾರಾಟದ ಲೆಕ್ಕಾಚಾರವೂ ಇದೆ. ಕೊಳ್ಳುವವರು ಕೇಳಿದರೆಂದು ಮಾತ್ರ ಅದು ಹೋಗಿಲ್ಲ ಎಂಬುದು ನನ್ನ ಅಭಿಪ್ರಾಯ. 2019ರ ಎಕ್ಸ್‌ಪೀರಿಯಾ 1ರಲ್ಲಿ ಇಲ್ಲದಿದ್ದ ಜಾಕನ್ನು ಸೋನಿ ಕಂಪನಿ 2020ರ ಮುಂದಿನ ಮಾದರಿಯಲ್ಲಿ ಮತ್ತೆ ತಂದಿತು. ನಮ್ಮಲ್ಲಿ ಕಡಿಮೆ ಬೆಲೆಯ ಹಲವು ಫೋನ್‌ಗಳಲ್ಲಿ ಅದು ಇಂದಿಗೂ ಇದೆ, ಹೆಚ್ಚಿನ ದುಬಾರಿ ಫೋನ್‌ಗಳಲ್ಲಿ ಇಲ್ಲ. ಹೆಚ್ಚು ಹಣ ಕೊಟ್ಟವರಿಗೆ ಒಂದು ಸೌಲಭ್ಯ ಕಡಿಮೆ ಎಂಬುದು ಮೊಬೈಲ್ ಪೇಟೆಯಲ್ಲಿ ಮಾತ್ರ ನಡೆಯುವ ವ್ಯಾಪಾರ.

ಪ್ರಶ್ನೆ: ಮನೆಯಿಂದಲೇ ಆನ್‌ಲೈನ್ ಮೂಲಕ ಕರ್ನಾಟಕ ಸಂಗೀತ ಕಲಿಸುತ್ತೇನೆ. ಮಗ ಒಳ್ಳೆಯ ಬ್ಲೂಟೂತ್ ಹೆಡ್‌ಫೋನ್ ಕೊಡಿಸಿದ್ದಾನೆ. ಹಾಡು ಕೇಳುವಾಗ ಚೆನ್ನಾಗಿರುವ ಅದೇ ಹೆಡ್‌ಫೋನ್, ಪಾಠ ಶುರುವಾದೊಡನೆ ಕೊಡದೊಳಗಿನಿಂದ ಮಾತನಾಡಿದಂತೆ ಕೇಳಿಸುತ್ತದೆ. ತಾಳಕ್ಕೆ ಹಾಡಿ ರೆಕಾರ್ಡ್ ಮಾಡಿದರೆ ನಾನೇ ತಾಳ ತಪ್ಪಿದಂತೆ ಕಾಣುತ್ತದೆ. ದೋಷ ಯಾವುದರದು?
— ಸಂಗೀತ ಶಿಕ್ಷಕಿ, ಮೈಸೂರು

ಉತ್ತರ: ನಿಮ್ಮದಂತೂ ಅಲ್ಲ. ನೀವು ಹೇಳಿರುವುದು ಎರಡು ಬೇರೆ ಬೇರೆ ತೊಂದರೆಗಳು.

ಮೊದಲು ಕೊಡದ ದನಿ. ಬ್ಲೂಟೂತ್‌ನಲ್ಲಿ ಹಾಡು ಕೇಳಲು ಒಂದು ವಿಧಾನ, ಮಾತನಾಡಲು ಇನ್ನೊಂದು ವಿಧಾನ ಇರುತ್ತದೆ. ಹೆಡ್‌ಫೋನ್‌ನಲ್ಲಿರುವ ಮೈಕ್ ಚಾಲೂ ಆದ ಕ್ಷಣವೇ ಸಾಮಾನ್ಯವಾಗಿ ಅದು ಎರಡನೆಯ ವಿಧಾನಕ್ಕೆ ಹೊರಳುತ್ತದೆ. ಆಗ ಎಡ-ಬಲ ಎಂಬ ಭೇದ ಹೋಗಿ ಒಂದೇ ದನಿಯಾಗುತ್ತದೆ, ಸಿ.ಡಿ.ಯಲ್ಲಿ ದನಿಯನ್ನು ಸೆಕೆಂಡಿಗೆ 44,100 ಸಲ ಅಳೆದಿಟ್ಟರೆ, ಇಲ್ಲಿ 8,000 ಅಥವಾ 16,000 ಸಲ ಮಾತ್ರ ಅಳೆಯಲಾಗುತ್ತದೆ. ಇದರಿಂದ ಮೇಲಿನ ಆವರ್ತನಗಳು ಕತ್ತರಿಸಿಹೋಗುತ್ತವೆ. ಸಕಾರ, ಶಕಾರಗಳು ಮೊಂಡಾಗುವುದು, ತಂಬೂರಿಯ ಝೇಂಕಾರ ಸತ್ತಂತಾಗುವುದು ಈ ಕಾರಣದಿಂದಲೇ. ಇದಕ್ಕೆ ಖರ್ಚಿಲ್ಲದ ಪರಿಹಾರವಿದೆ. ಪಾಠದ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಕೇಳುವುದಕ್ಕೆ ಹೆಡ್‌ಫೋನ್ ಇಟ್ಟುಕೊಂಡು, ಮೈಕ್ ಆಗಿ ಲ್ಯಾಪ್‌ಟಾಪ್‌ನದನ್ನೇ ಆಯ್ದುಕೊಳ್ಳಿ. ದನಿ ತಕ್ಷಣ ಬಿಚ್ಚಿಕೊಳ್ಳುವುದನ್ನು ನೀವೇ ಕೇಳುವಿರಿ.

ತಾಳದ ಸಮಸ್ಯೆ ಇಷ್ಟು ಸುಲಭದ್ದಲ್ಲ. ಬ್ಲೂಟೂತ್ ಹೆಡ್‌ಫೋನ್‌ಗೆ ಹೋಗುವ ದನಿಯನ್ನು ಫೋನ್ ಮೊದಲು ಅಡಕಗೊಳಿಸಿ, ತುಂಡುತುಂಡಾಗಿ ಕಳುಹಿಸಿ, ಹೆಡ್‌ಫೋನ್ ಅದನ್ನು ಸ್ವಲ್ಪ ಕೂಡಿಟ್ಟುಕೊಂಡು ಮತ್ತೆ ಬಿಡಿಸಬೇಕು. ಸಾಮಾನ್ಯ ಹೆಡ್‌ಫೋನ್‌ಗಳಲ್ಲಿ ಇದಕ್ಕೆ ಸುಮಾರು 150ರಿಂದ 250 ಮಿಲಿಸೆಕೆಂಡ್ ಹಿಡಿಯುತ್ತದೆ. ಹೊಳೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರನ್ನು ನೋಡಿದ್ದರೆ, ಬಟ್ಟೆ ಕಲ್ಲಿಗೆ ಬಡಿದದ್ದು ಮೊದಲು ಕಂಡು ಸದ್ದು ಆಮೇಲೆ ಬರುವುದು ನೆನಪಿರಬಹುದು. 200 ಮಿಲಿಸೆಕೆಂಡ್ ಎಂದರೆ ಆ ದಡ ಸುಮಾರು 68 ಮೀಟರ್ ದೂರದಲ್ಲಿದೆ ಎಂದರ್ಥ.

ಇದನ್ನು ನಿಮ್ಮ ಲೆಕ್ಕಕ್ಕೇ ತರೋಣ. ಸೆಕೆಂಡಿಗೊಂದು ಅಕ್ಷರದಂತೆ ಆದಿತಾಳ ಹಾಕಿ ಸರಳೆ ವರಸೆಯನ್ನು ಮೂರನೆಯ ಕಾಲದಲ್ಲಿ ಹಾಡಿದರೆ, ಅಕ್ಷರಕ್ಕೆ ನಾಲ್ಕು ಸ್ವರಗಳಂತೆ ಪ್ರತಿ ಸ್ವರಕ್ಕೆ 250 ಮಿಲಿಸೆಕೆಂಡ್ ಸಿಗುತ್ತದೆ. ಹೆಡ್‌ಫೋನ್‌ನಲ್ಲಿ ಕೇಳುವ ತಾಳವೇ 200 ಮಿಲಿಸೆಕೆಂಡ್ ತಡವಾಗಿ ಬಂದರೆ, ನೀವು ಅದಕ್ಕೆ ಸರಿಯಾಗಿ ಹಾಡಿದರೂ ರೆಕಾರ್ಡಿನಲ್ಲಿ ಹೆಚ್ಚುಕಡಿಮೆ ಒಂದಿಡೀ ಸ್ವರದಷ್ಟು ಹಿಂದೆ ಬಿದ್ದಿರುತ್ತೀರಿ. ಸಿನಿಮಾ ನೋಡುವಾಗ ಇದು ಗೊತ್ತಾಗುವುದಿಲ್ಲ, ಏಕೆಂದರೆ ಆ್ಯಪ್‌ಗಳು ಚಿತ್ರವನ್ನೂ ಅಷ್ಟೇ ತಡಮಾಡಿ ತೋರಿಸಿ ಸರಿದೂಗಿಸುತ್ತವೆ. ಹಾಡುವವರನ್ನು ಹಾಗೆ ತಡಮಾಡಲು ಯಾವ ಆ್ಯಪ್‌ಗೂ ಸಾಧ್ಯವಿಲ್ಲ. ಆದ್ದರಿಂದ ರೆಕಾರ್ಡಿಂಗ್‌ಗೆ ತಂತಿಯ ಹೆಡ್‌ಫೋನ್ ಬಿಟ್ಟು ಬೇರೆ ದಾರಿಯನ್ನು ನಾನು ಸೂಚಿಸಲಾರೆ. ಶ್ರುತಿ ಪೆಟ್ಟಿಗೆಯ ಆ್ಯಪ್‌ಗೆ ಬ್ಲೂಟೂತ್ ಧಾರಾಳವಾಗಿ ಸಾಕು. ಶ್ರುತಿ ತಡವಾಗಿ ಬಂದರೂ ಶ್ರುತಿಯೇ. ಇನ್ನು ಶಿಷ್ಯರೂ ನೀವೂ ಒಟ್ಟಿಗೆ ಹಾಡುವ ಆಸೆಯನ್ನು ಬಿಡಬೇಕು. ಅಲ್ಲಿ ಇಂಟರ್‌ನೆಟ್‌ನ ತಡವೂ ಸೇರುವುದರಿಂದ ತಂತಿಯೂ ನಿಮ್ಮನ್ನು ಕಾಪಾಡುವುದಿಲ್ಲ. ನೀವು ಹೇಳಿಕೊಟ್ಟು ಅವರು ತಿರುಗಿ ಹೇಳುವ ಹಳೆಯ ಪದ್ಧತಿಯೇ ಸರಿ.

ಪ್ರಶ್ನೆ: ಹಾಸ್ಟೆಲಿನಲ್ಲಿ ನಮಗೆ ದಿನವೂ ಇದೇ ವಾದ. ಎಲ್‌ಡಿಎಸಿ (ಬ್ಲೂಟೂತ್‌ನಲ್ಲಿ ಹೋಗುವ ದನಿಯನ್ನು ಅಡಕಗೊಳಿಸುವ ಒಂದು ಕ್ರಮ) ಇರುವ 5,000 ರೂಪಾಯಿಯ ಇಯರ್‌ಬಡ್ ಮುಂದೆ 1,000 ರೂಪಾಯಿಯ ತಂತಿಯ ಇಯರ್‌ಫೋನ್ ನಿಲ್ಲುತ್ತದೆಯೇ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಸದ್ದಿಲ್ಲದ ಕೋಣೆಯಲ್ಲಿ ನಿಲ್ಲುತ್ತದೆ, ಎಷ್ಟೋ ಸಲ ಗೆಲ್ಲುತ್ತದೆ. ಇಯರ್‌ಬಡ್‌ಗೆ ನೀವು ಕೊಟ್ಟ ಹಣ ಬ್ಯಾಟರಿ, ರೇಡಿಯೋ ಚಿಪ್, ಆಂಪ್ಲಿಫೈಯರ್, ಮೈಕ್‌ಗಳು, ಚಾರ್ಜ್ ಮಾಡುವ ಡಬ್ಬಿ ಎಂದು ಹಂಚಿಹೋಗುತ್ತದೆ. ತಂತಿಯ ಇಯರ್‌ಫೋನ್‌ನಲ್ಲಿ ಹೆಚ್ಚಿನ ಪಾಲು ದನಿ ಹೊರಡಿಸುವ ಡ್ರೈವರ್‌ಗೇ ಹೋಗುತ್ತದೆ.

ಸಂಖ್ಯೆಗಳ ವಿಷಯ ಹೀಗಿದೆ. ಸಿ.ಡಿ.ಯ ದನಿ ಸೆಕೆಂಡಿಗೆ 1,411 ಕಿಲೋಬಿಟ್. ಬ್ಲೂಟೂತ್‌ನ ಎಲ್ಲರಿಗೂ ಬರುವ ಎಸ್‌ಬಿಸಿ ಕ್ರಮದಲ್ಲಿ ಸಾಮಾನ್ಯವಾಗಿ ಹೆಚ್ಚೆಂದರೆ 328. ಸೋನಿ ರೂಪಿಸಿದ ಎಲ್‌ಡಿಎಸಿಯಲ್ಲಿ 330, 660, 990 ಎಂಬ ಮೂರು ಮೆಟ್ಟಿಲುಗಳು. ಜಾಹೀರಾತಿನಲ್ಲಿ ಕಾಣುವುದು 990 ಮಾತ್ರ. ಜನ ತುಂಬಿದ ಬಸ್ ನಿಲ್ದಾಣದಲ್ಲಿ ನೂರಾರು ಬ್ಲೂಟೂತ್, ವೈ-ಫೈ ಸಾಧನಗಳು ಅದೇ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಕೂಗಾಡುತ್ತಿರುವಾಗ, ದನಿ ತುಂಡಾಗದಿರಲೆಂದು ಫೋನ್ ಕೆಳಗಿನ ಮೆಟ್ಟಿಲಿಗೆ ಇಳಿಯುತ್ತದೆ. ಐಫೋನ್‌ನಲ್ಲಂತೂ ಎಲ್‌ಡಿಎಸಿಯೇ ಇಲ್ಲ. ಅದಕ್ಕಿಂತ ಮುಖ್ಯವಾಗಿ, ನೀವು ಕೇಳುತ್ತಿರುವುದು ಯೂಟ್ಯೂಬ್ ಹಾಡಾದರೆ ಮೂಲದಲ್ಲೇ ಅಷ್ಟೊಂದು ದತ್ತಾಂಶ ಇರುವುದಿಲ್ಲ. ತೊಟ್ಟಿಯಲ್ಲಿ ಇಲ್ಲದ ನೀರನ್ನು ದಪ್ಪ ಪೈಪ್ ಹಾಕಿ ತರಲಾಗದು. ಕಿವಿಗೆ ರಬ್ಬರ್ ತುದಿ ಸರಿಯಾಗಿ ಕೂರುವುದು ಈ ಎಲ್ಲ ಸಂಖ್ಯೆಗಳಿಗಿಂತ ದೊಡ್ಡ ವಿಷಯ. ಅಲ್ಲಿ ಸಂದು ಉಳಿದರೆ ಬೇಸ್ ಸೋರಿಹೋಗುತ್ತದೆ. ಡಬ್ಬಿಯಲ್ಲಿ ಕೊಟ್ಟಿರುವ ಮೂರು ಅಳತೆಯ ತುದಿಗಳನ್ನೂ ಹಾಕಿ ನೋಡಿ, ಆಮೇಲೆ ವಾದಕ್ಕೆ ಕೂರಿ.

ಆದರೆ ಕೋಣೆಯಿಂದ ಬಸ್ಸಿಗೆ ಬಂದರೆ ತೀರ್ಪು ಬದಲಾಗುತ್ತದೆ. ಸದ್ದು ತಗ್ಗಿಸುವ ತಂತ್ರವಿರುವ ಹೆಡ್‌ಫೋನ್‌ಗಳು ಹೊರಗಿನ ಸದ್ದನ್ನು ಮೈಕ್‌ನಿಂದ ಹಿಡಿದು, ಅದಕ್ಕೆ ತದ್ವಿರುದ್ಧವಾದ ಅಲೆಯನ್ನು ಕಿವಿಯೊಳಗೆ ಹೊರಡಿಸಿ ಎರಡನ್ನೂ ವಜಾ ಮಾಡುತ್ತವೆ. ಎಂಜಿನ್‌ನ ಒಂದೇ ಸಮನೆಯ ಗುಂಯ್‌ಗುಡುವಿಕೆ ಇದರಿಂದ ಅಚ್ಚರಿಯಾಗುವಷ್ಟು ಅಡಗುತ್ತದೆ. ಕಂಡಕ್ಟರ್‌ನ ಸೀಟಿ, ಹಾರ್ನ್‌ಗಳಂಥ ಚೂಪಾದ ಸದ್ದುಗಳು ಅಷ್ಟಾಗಿ ಅಡಗುವುದಿಲ್ಲ. 1978ರಲ್ಲಿ ಜ್ಯೂರಿಕ್‌ನಿಂದ ಅಮೆರಿಕಕ್ಕೆ ಮರಳುವ ವಿಮಾನದಲ್ಲಿ ಕೂತು ಎಂಜಿನ್ ಸದ್ದಿಗೆ ಬೇಸತ್ತು ಇದರ ಲೆಕ್ಕ ಬರೆದವರು ಎಂಐಟಿಯ ಪ್ರಾಧ್ಯಾಪಕ ಅಮರ್ ಬೋಸ್, ಕೊಲ್ಕತ್ತದಿಂದ ಅಮೆರಿಕಕ್ಕೆ ವಲಸೆ ಹೋದ ಸ್ವಾತಂತ್ರ್ಯ ಹೋರಾಟಗಾರರೊಬ್ಬರ ಮಗ. ಅವರ ಕಂಪನಿ ವಿಮಾನ ಚಾಲಕರಿಗಾಗಿ ಇಂಥ ಹೆಡ್‌ಸೆಟ್ ಅನ್ನು ಮಾರುಕಟ್ಟೆಗೆ ತಂದದ್ದು 1989ರಲ್ಲಿ.

ಪ್ರಶ್ನೆ: ಬ್ಲೂಟೂತ್ ಇಯರ್‌ಫೋನ್ ಹಾಕಿಕೊಂಡರೆ ಫೋನ್‌ನ ಎಫ್‌ಎಂ ರೇಡಿಯೋ ಹಾಡುವುದೇ ಇಲ್ಲ, “ಹೆಡ್‌ಫೋನ್ ಜೋಡಿಸಿ” ಎನ್ನುತ್ತದೆ. ಜೋಡಿಸಿಯೇ ಇದೆಯಲ್ಲ?
— ಅಡಿಕೆ ಬೆಳೆಗಾರರು, ಸಾಗರ

ಉತ್ತರ: ಫೋನ್ ಕೇಳುತ್ತಿರುವುದು ಹೆಡ್‌ಫೋನನ್ನಲ್ಲ, ಅದರ ತಂತಿಯನ್ನು. ಎಫ್‌ಎಂ ಪ್ರಸಾರ 88ರಿಂದ 108 ಮೆಗಾಹರ್ಟ್ಸ್‌ನಲ್ಲಿ ನಡೆಯುತ್ತದೆ. ಆ ಅಲೆಯ ಉದ್ದ ಸುಮಾರು 3 ಮೀಟರ್. ಅದನ್ನು ಹಿಡಿಯಲು ಮುಕ್ಕಾಲು ಮೀಟರಿನಷ್ಟಾದರೂ ಉದ್ದದ ಆಂಟೆನಾ ಇದ್ದರೆ ಒಳ್ಳೆಯದು, ಅಂಗೈಯಗಲದ ಫೋನ್‌ನಲ್ಲಿ ಅದಕ್ಕೆ ಜಾಗವಿಲ್ಲ. ಹಾಗಾಗಿ ಇಯರ್‌ಫೋನ್‌ನ ತಂತಿಯನ್ನೇ ಆಂಟೆನಾ ಮಾಡಿಕೊಂಡಿದ್ದಾರೆ. ಹಳೆಯ ಇಯರ್‌ಫೋನ್ ಒಂದನ್ನು ಚುಚ್ಚಿ, ತಂತಿಯನ್ನು ನೇರವಾಗಿ ಇಳಿಬಿಟ್ಟು, ದನಿಯನ್ನು ಫೋನ್‌ನ ಸ್ಪೀಕರಿಗೆ ತಿರುಗಿಸಿದರೆ ಜಗಲಿಯಲ್ಲಿ ಕೂತ ಎಲ್ಲರೂ ಕೇಳಬಹುದು. ಭದ್ರಾವತಿ ಆಕಾಶವಾಣಿಯ 675 ಕಿಲೋಹರ್ಟ್ಸ್‌ನ ಮೀಡಿಯಂ ವೇವ್ ಪ್ರಸಾರ ಮಾತ್ರ ಇದರಲ್ಲಿ ಬಾರದು, ಅದಕ್ಕೆ ರೇಡಿಯೋವೇ ಬೇಕು.

ಮಳೆಗಾಲದಲ್ಲಿ ಕರೆಂಟ್ ಹೋಗಿ, ಟವರ್ ಕೈಕೊಟ್ಟು, ಇಂಟರ್‌ನೆಟ್ ನಿಂತಾಗಲೂ ಎಫ್‌ಎಂ ಹಾಡುತ್ತದೆಂಬುದನ್ನು ಮಲೆನಾಡಿನವರಿಗೆ ಹೇಳಬೇಕಿಲ್ಲ. ಎಫ್‌ಎಂ ಸೌಲಭ್ಯವಿರುವ ಫೋನ್‌ಗಳಲ್ಲಿ ಅದನ್ನು ಮುಚ್ಚಿಡಬಾರದೆಂದು ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ 2023ರಲ್ಲಿ ತಯಾರಕರಿಗೆ ಸಲಹಾ ಸೂಚನೆ ಕಳುಹಿಸಿದ್ದಕ್ಕೆ ವಿಪತ್ತಿನ ಕಾಲದ ಈ ಉಪಯೋಗವೂ ಒಂದು ಕಾರಣ. ಆದರೆ ಜಾಕ್ ಇಲ್ಲದ ಫೋನ್‌ಗೆ ತಂತಿ ಚುಚ್ಚುವುದಾದರೂ ಎಲ್ಲಿಗೆ?

ಪ್ರಶ್ನೆ: ಎರಡು ವರ್ಷದ ಹಿಂದೆ ಕೊಂಡ ಇಯರ್‌ಬಡ್‌ನಲ್ಲಿ ಬಲಗಡೆಯದು ಮುಕ್ಕಾಲು ಗಂಟೆಗೇ ನಿಲ್ಲುತ್ತದೆ. ರಿಪೇರಿ ಮಾಡುವವರಿಲ್ಲ, ಹೊಸದು ತೆಗೆದುಕೊಳ್ಳಿ ಎನ್ನುತ್ತಾರೆ. ಬೇರೆ ದಾರಿ ಇಲ್ಲವೇ?
— ಗೃಹಿಣಿ, ದಾವಣಗೆರೆ

ಉತ್ತರ: ಹೊಸದು ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಇಯರ್‌ಬಡ್‌ನ ತಳದಲ್ಲಿ ಚಿನ್ನದ ಬಣ್ಣದ ಎರಡು ಮೂರು ಚುಕ್ಕೆಗಳಿರುತ್ತವೆ, ಡಬ್ಬಿಯೊಳಗೆ ಅದಕ್ಕೆ ತಾಗುವ ಪುಟ್ಟ ಪಿನ್‌ಗಳಿರುತ್ತವೆ. ಅಲ್ಲಿ ಕಿವಿಯ ಗುಗ್ಗೆಯೂ ಬೆವರೂ ಕಟ್ಟಿಕೊಂಡಿದ್ದರೆ ಆ ಕಡೆಯದು ಅರ್ಧಂಬರ್ಧ ಚಾರ್ಜ್ ಆಗಿರುತ್ತದೆ. ಒಣ ಹತ್ತಿಯಿಂದ ಮೆಲ್ಲಗೆ ಒರೆಸಿ ಒಂದು ರಾತ್ರಿ ಇಟ್ಟು ನೋಡಿ.

ಅದರಿಂದಲೂ ಆಗದಿದ್ದರೆ ಬ್ಯಾಟರಿ ಸವೆದಿದೆ. ನಿಮ್ಮ ಫೋನ್‌ನಲ್ಲಿ 5,000 ಎಂಎಎಚ್ ಬ್ಯಾಟರಿ ಇದ್ದರೆ ಇಯರ್‌ಬಡ್‌ನಲ್ಲಿ ಸುಮಾರು 30ರಿಂದ 60. ಗುಂಡಿಯಷ್ಟಿರುವ ಈ ಲಿಥಿಯಂ ಕೋಶ ದಿನಕ್ಕೆ ಹಲವು ಸಲ ಬರಿದಾಗಿ ತುಂಬುತ್ತದೆ. ಕೆಲವು ನೂರು ಸುತ್ತು ಮುಗಿಯುವ ಹೊತ್ತಿಗೆ ಅದರ ಕಸುವು ಕುಗ್ಗುವುದು ಸಹಜ. ಒಂದೇ ಕಿವಿಯದನ್ನು ಹಾಕಿಕೊಂಡು ಮಾತನಾಡುವ ರೂಢಿಯಿದ್ದರೆ ಆ ಕಡೆಯದು ಬೇಗ ಸೋಲುತ್ತದೆ. ಕವಚವನ್ನು ಅಂಟು ಹಾಕಿ ಮುಚ್ಚಿರುವುದರಿಂದ ಬಿಚ್ಚುವಾಗಲೇ ಒಡೆಯುತ್ತದೆ, ಆದ್ದರಿಂದ ಯಾರೂ ಕೈಹಾಕುವುದಿಲ್ಲ. ಯುರೋಪಿನ ಒಕ್ಕೂಟದಲ್ಲಿ 2027ರ ಫೆಬ್ರವರಿ 18ರಿಂದ, ಕೆಲವು ವಿನಾಯಿತಿಗಳನ್ನು ಬಿಟ್ಟು, ಇಂಥ ಸಾಧನಗಳ ಬ್ಯಾಟರಿಯನ್ನು ಬಳಕೆದಾರರೇ ತೆಗೆದು ಬದಲಿಸುವಂತಿರಬೇಕು ಎಂಬ ನಿಯಮ ಇದೆ. ಅಲ್ಲಿಗೆಂದು ಬದಲಾದ ವಿನ್ಯಾಸ ಇಲ್ಲಿಗೂ ಬಂದರೆ ನಮ್ಮ ಪುಣ್ಯ.

ತಂತಿಯದು ಕೆಡುವುದಿಲ್ಲವೆಂದು ಇದರರ್ಥವಲ್ಲ. ನನ್ನದೊಂದು ಇಯರ್‌ಫೋನ್ ಪಿನ್ನಿನ ಕತ್ತಿನಲ್ಲಿ ತುಂಡಾದಾಗ ಬೆಸುಗೆ ಹಾಕಲು ಕೂತೆ. ಒಳಗೆ ಕೂದಲಿನಷ್ಟು ಸಣ್ಣ ಎಳೆಗಳು, ಒಂದು ಕೆಂಪು, ಒಂದು ಹಸಿರು, ಒಂದು ತಾಮ್ರದ ಬಣ್ಣದ್ದು, ನಡುವೆ ನೂಲು. ಎಷ್ಟು ಸಲ ಮುಟ್ಟಿಸಿದರೂ ಸೀಸ ಕೆಸುವಿನೆಲೆಯ ಮೇಲಿನ ನೀರಿನಂತೆ ಜಾರಿ ಬೀಳುತ್ತಿತ್ತು. ಆ ಬಣ್ಣವೇ ವಿದ್ಯುತ್ ತಡೆಯುವ ಲೇಪ ಎಂದು ಹೊಳೆದದ್ದು ಅರ್ಧ ಗಂಟೆಯ ನಂತರ. ಬೆಂಕಿಕಡ್ಡಿಯಿಂದ ತುದಿಯನ್ನು ಒಂದು ಕ್ಷಣ ಸುಟ್ಟು ಒರೆಸಿದ ಮೇಲೆ ಬೆಸುಗೆ ಕೂತಿತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡ ಹೊಸ ಪಿನ್ನಿಗೆ ನೂರು ರೂಪಾಯಿಯೂ ಆಗಿರಲಿಲ್ಲ.

ನಿಮ್ಮ ಹಳೆಯ ಇಯರ್‌ಬಡ್ ಅನ್ನು ಮಾತ್ರ ಮನೆಯ ಕಸಕ್ಕೆ ಹಾಕಬೇಡಿ. ಜಜ್ಜಿದರೆ ಲಿಥಿಯಂ ಕೋಶ ಹೊತ್ತಿಕೊಳ್ಳಬಹುದು. ಇ-ತ್ಯಾಜ್ಯ ತೆಗೆದುಕೊಳ್ಳುವಲ್ಲಿಗೆ ಕೊಡಿ.

ಪ್ರಶ್ನೆ: ಮಗಳು ದಿನವಿಡೀ ಬ್ಲೂಟೂತ್ ಕಿವಿಗೆ ಸಿಕ್ಕಿಸಿಕೊಂಡಿರುತ್ತಾಳೆ. ಮಿದುಳಿನ ಪಕ್ಕದಲ್ಲೇ ವಿಕಿರಣ ಇದ್ದರೆ ಅಪಾಯವಲ್ಲವೇ?
— ಪೋಷಕರು, ಬೆಂಗಳೂರು

ಉತ್ತರ: ಇಂಥ ಇಯರ್‌ಬಡ್ ಹೊರಸೂಸುವ ಶಕ್ತಿ ಸಾಮಾನ್ಯವಾಗಿ ಕೆಲವೇ ಮಿಲಿವ್ಯಾಟ್. ಫೋನನ್ನೇ ಕಿವಿಗೆ ಒತ್ತಿ ಮಾತನಾಡಿದರೆ ಅದು ಸಿಗ್ನಲ್ ಕಡಿಮೆ ಇರುವಲ್ಲಿ ನೂರಾರು ಮಿಲಿವ್ಯಾಟ್‌ಗೆ ಏರಬಲ್ಲದು. ಆ ಲೆಕ್ಕದಲ್ಲಿ ಇಯರ್‌ಬಡ್ ವಾಸಿ. ನೀವು ಚಿಂತಿಸಬೇಕಾದದ್ದು ವಾಲ್ಯೂಮ್ ಬಗ್ಗೆ, ಅದು ತಂತಿಯದಾದರೂ ಸರಿ, ಅಲ್ಲದ್ದಾದರೂ ಸರಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರು 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. ಮಕ್ಕಳಿಗೆ ಅಷ್ಟೇ ಹೊತ್ತಿಗೆ 75 ಡೆಸಿಬೆಲ್. ಹತ್ತು ಡೆಸಿಬೆಲ್ ಏರಿದರೆ ಕಿವಿಗೆ ಬೀಳುವ ಶಕ್ತಿ ಹತ್ತು ಪಟ್ಟು ಆಗುವುದರಿಂದ, 90ಕ್ಕೆ ಹೋದರೆ ಆ 40 ಗಂಟೆ 4 ಗಂಟೆಗೆ ಇಳಿಯುತ್ತದೆ. ಮಗಳ ಪಕ್ಕದಲ್ಲಿ ಕೂತಾಗ ಅವಳ ಹಾಡು ನಿಮಗೂ ಕೇಳುತ್ತಿದ್ದರೆ ವಾಲ್ಯೂಮ್ ಹೆಚ್ಚಾಗಿದೆ ಎಂದೇ ತಿಳಿಯಿರಿ.

ಪ್ರಶ್ನೆ: ಜಾಕ್ ಇಲ್ಲವೆಂದು 150 ರೂಪಾಯಿಗೆ ಟೈಪ್-ಸಿ ಕನ್ವರ್ಟರ್ ತಂದೆ. ಹೆಂಡತಿಯ ಫೋನ್‌ನಲ್ಲಿ ಹಾಡುತ್ತದೆ, ನನ್ನದರಲ್ಲಿ ಇಲ್ಲ. ಯಾಕೆ?
— ಓದುಗರು, ಕುಂದಾಪುರ

ಉತ್ತರ: ನೋಡಲು ಒಂದೇ ತರಹ ಇರುವ ಈ ಕನ್ವರ್ಟರ್‌ಗಳಲ್ಲಿ ಎರಡು ಜಾತಿ. ಒಂದರಲ್ಲಿ ಬರೀ ತಂತಿಗಳಿರುತ್ತವೆ. ಫೋನ್ ತಾನೇ ದನಿಯನ್ನು ಸಿದ್ಧಪಡಿಸಿ ಟೈಪ್-ಸಿ ಬಾಯಿಯಿಂದ ಹೊರಬಿಡುವಂತಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಇನ್ನೊಂದರಲ್ಲಿ ಅಂಕಿಗಳ ರೂಪದ ದತ್ತಾಂಶವನ್ನು ದನಿಯಾಗಿಸುವ ಚಿಪ್ ಒಳಗೇ ಇರುತ್ತದೆ. ನಿಮ್ಮ ಮನೆಯವರ ಫೋನ್ ಮೊದಲನೆಯದಕ್ಕೆ ಹೊಂದುತ್ತದೆ, ನಿಮ್ಮದು ಹೊಂದುವುದಿಲ್ಲ. ಡಬ್ಬಿಯ ಮೇಲೆ ಆ ಚಿಪ್‌ನ ಹೆಸರಾದ ‘ಡಿಎಸಿ’ ಎಂದು ಬರೆದಿರುವುದನ್ನು ಕೇಳಿ ತನ್ನಿ, ಬೆಲೆ ಕೆಲವು ನೂರು ಹೆಚ್ಚಾಗಬಹುದು. ಅಂಗಡಿಯಲ್ಲೇ ನಿಮ್ಮ ಫೋನ್‌ಗೆ ಚುಚ್ಚಿ, ಹಾಡು ಕೇಳಿ, ಒಂದು ಕರೆಯನ್ನೂ ಮಾಡಿ ನೋಡಿ. ಕರೆಗೆ ಮೈಕ್ ಬೇಕಿದ್ದರೆ ನಿಮ್ಮ ಇಯರ್‌ಫೋನ್‌ನ ಪಿನ್ ಮೇಲೆ ಮೂರು ಕಪ್ಪು ಗೆರೆಗಳಿರಬೇಕು, ಎರಡೇ ಇದ್ದರೆ ಅದರಲ್ಲಿ ಮೈಕ್ ಇಲ್ಲ. ಇದಕ್ಕೆಲ್ಲ ಹೊರಡುವ ಮೊದಲು ಫೋನ್‌ನ ಟೈಪ್-ಸಿ ಬಾಯಿಗೆ ಟಾರ್ಚ್ ಹಿಡಿದು ನೋಡಿ. ಜೇಬಿನ ಬಟ್ಟೆಯ ನಾರು ತಳದಲ್ಲಿ ಗಟ್ಟಿಯಾಗಿ ಕೂತಿದ್ದರೆ ಯಾವ ಪಿನ್ನೂ ಪೂರ್ತಿ ಒಳಗಿಳಿಯುವುದಿಲ್ಲ. ಫೋನ್ ಆಫ್ ಮಾಡಿ, ಮರದ ಹಲ್ಲುಕಡ್ಡಿಯಿಂದ ತೆಗೆಯಿರಿ, ಸೂಜಿ ಹಾಕಬೇಡಿ.